ಕ್ಲಚ್ಚಿನ ನಟ್ಟು ಮತ್ತು ನಾವಿಬ್ಬರು

ಅಣ್ಣತಮ್ಮಂದಿರು ಪಾಲಾಗುವಾಗ ಜಮೀನು ಹಂಚಿಕೊಳ್ಳುವುದೇ ದೊಡ್ಡ ತಲೆನೋವು ಎಂದು ಯಾರಾದರೂ ನಿಮಗೆ ಹೇಳಿದರೆ, ಅವರು ಜೀವಮಾನದಲ್ಲಿ ಪಾಲಾದವರಲ್ಲ ಎಂದು ತಿಳಿಯಿರಿ. ಜಮೀನಿನಷ್ಟು ಸಲೀಸಾಗಿ ಹಂಚಿಹೋಗುವ ವಸ್ತು ಇನ್ನೊಂದಿಲ್ಲ. ಸರ್ವೆಯವರು ಬಂದು ಅಳೆದು ಒಂದು ಕಲ್ಲು ನೆಟ್ಟರೆ ಮುಗಿಯಿತು. ಕಲ್ಲಿನ ಆಚೆಯ ಕಾಫಿ ಗಿಡ ಅಣ್ಣನದು, ಈಚೆಯದು ನನ್ನದು. ಪಾತ್ರೆಪಗಡೆ, ಹಂಡೆ, ದನಕರು ಎಲ್ಲವೂ ಎರಡಾಗುತ್ತವೆ. ಕಾಫಿ ಒಣಗಿಸುವ ಕಣದ ನಡುವೆ ಒಂದು ಸಾಲು ಇಟ್ಟಿಗೆ ಇಟ್ಟರೆ ಅದೂ ಎರಡಾಗುತ್ತದೆ. ಅಪ್ಪನ ಕೊಡೆಯನ್ನು ಅಣ್ಣ ಇಟ್ಟುಕೊಂಡ, ಅಪ್ಪನ ಟಾರ್ಚನ್ನು ನಾನು ಇಟ್ಟುಕೊಂಡೆ. ಕಷ್ಟ ಬರುವುದು ಒಂದೇ ಸೀಟು, ಒಂದೇ ಸ್ಟೇರಿಂಗು ಇರುವ ವಸ್ತು ಎದುರಿಗೆ ಬಂದು ನಿಂತಾಗ. ನಮ್ಮ ಮನೆಯಲ್ಲಿ ಹಾಗೆ ಬಂದು ನಿಂತದ್ದು ಟ್ರ್ಯಾಕ್ಟರು.

ಅದು ಅಪ್ಪ ತಂದ ಟ್ರ್ಯಾಕ್ಟರು. ನನ್ನ ಮದುವೆಗಿಂತ ಹಳೆಯದು, ಸ್ವಭಾವದಲ್ಲಿ ನನಗಿಂತ ಮೊಂಡು. ಮೊದಲು ನೀಲಿ ಬಣ್ಣದ್ದಾಗಿತ್ತು ಎಂದು ಬಾನೆಟ್ಟಿನ ಒಳಭಾಗ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಬೆಳಿಗ್ಗೆ ಅದನ್ನು ಎಬ್ಬಿಸುವುದೆಂದರೆ ಜ್ವರ ಬಂದ ಮಾವನನ್ನು ಎಬ್ಬಿಸಿದ ಹಾಗೆ. ಮೊದಲು ಕೆಮ್ಮುತ್ತದೆ, ಆಮೇಲೆ ಬೈಯುತ್ತದೆ, ಕೊನೆಗೆ ಹೊಗೆ ಬಿಟ್ಟು ಕೆಲಸಕ್ಕೆ ಹೊರಡುತ್ತದೆ. ಕೊಡ್ಲಿಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ತೋಟ. ಪಾಲಿನಲ್ಲಿ ಏರು ಅಣ್ಣನಿಗೆ ಹೋಯಿತು, ತಗ್ಗು ನನಗೆ ಬಂತು. ಎರಡು ಮನೆಗಳ ನಡುವೆ ಟ್ರ್ಯಾಕ್ಟರಿನ ಶೆಡ್ಡು. ಒಂದು ವಾರ ಅಣ್ಣನಿಗೆ, ಒಂದು ವಾರ ನನಗೆ. ಭಾನುವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಶೆಡ್ಡಿನ ನಡುಗಂಬದ ಮೊಳೆಗೆ ಕೀ ನೇತುಹಾಕಬೇಕು, ಇನ್ನೊಬ್ಬ ತೆಗೆದುಕೊಳ್ಳಬೇಕು. ಆಯುಧಪೂಜೆಯ ದಿನ ಮಾತ್ರ ಟ್ರ್ಯಾಕ್ಟರು ಇಬ್ಬರದೂ. ಅವತ್ತು ಅದಕ್ಕೆ ಎರಡು ಸಲ ಮಂಗಳಾರತಿ ಆಗುತ್ತದೆ, ಮುಂದಿನ ಒಂದು ಚಕ್ರದ ಕೆಳಗೆ ಅತ್ತಿಗೆಯ ನಿಂಬೆಹಣ್ಣು, ಇನ್ನೊಂದರ ಕೆಳಗೆ ನನ್ನ ಹೆಂಡತಿಯ ನಿಂಬೆಹಣ್ಣು.

ಹೀಗೆಂದ ಮಾತ್ರಕ್ಕೆ ನಾವು ಕಿತ್ತಾಡಿಕೊಂಡು ಬೇರೆಯಾದವರು ಎಂದುಕೊಳ್ಳಬೇಡಿ. ಕಿತ್ತಾಡಿದ್ದರೆ ಚೆನ್ನಾಗಿತ್ತು. ಜಗಳವಾಡಿದವರಿಗೆ ಒಂದಲ್ಲ ಒಂದು ದಿನ ಯಾರದೋ ಮದುವೆಯಲ್ಲಿ ರಾಜಿಯಾಗುವ ಅವಕಾಶವಾದರೂ ಇರುತ್ತದೆ. ನಾವು ಅಷ್ಟು ಮರ್ಯಾದೆಯಿಂದ ಪಾಲಾದೆವು ಎಂದರೆ, ಆ ಮರ್ಯಾದೆಯನ್ನು ಆಮೇಲೆ ಬಿಡುವುದಕ್ಕೇ ಆಗಲಿಲ್ಲ. ನಾನು ಹುಟ್ಟಿದಾಗಿನಿಂದ ‘ಲೋ ಸೋಮ’ ಎಂದು ಕೂಗುತ್ತಿದ್ದ ಅಣ್ಣ, ಪಂಚಾಯಿತಿ ಮುಗಿದ ಮಾರನೆಯ ದಿನ ‘ಸೋಮಶೇಖರ್, ಕೀ ಅಲ್ಲಿದೆ ನೋಡಿ’ ಎಂದ. ನಾನು ಹಿಂದಕ್ಕೆ ತಿರುಗಿ ನೋಡಿದೆ, ಬ್ಯಾಂಕಿನವರು ಯಾರಾದರೂ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ‘ಆಗ್ಲಿ, ತಗೋತೀನಿ, ನೀವು ಹೊರಡಿ’ ಎಂದೆ ನಾನೂ. ಅಲ್ಲಿಗೆ ನಮ್ಮ ಮಾತು ಮೊಳೆಗೆ ನೇತುಬಿತ್ತು. ಹೆಂಗಸರಿಗೆ ಮಾತ್ರ ಮನೆ ಪಾಲಾದ ಸುದ್ದಿ ಯಾರೂ ಹೇಳಿದಂತಿರಲಿಲ್ಲ. ನನ್ನ ಹೆಂಡತಿ ಗೌರಿಯೂ ಅತ್ತಿಗೆಯೂ ದಿನಾ ಬೇಲಿಯ ಮೇಲಿಂದ ಪಲ್ಯದ ಬಟ್ಟಲು ದಾಟಿಸಿಕೊಳ್ಳುತ್ತಿದ್ದರು, ಒಂದೊಂದು ದಿನ ಯಾರ ಮನೆಯ ಹುಳಿ ಯಾರ ಮನೆಯಲ್ಲಿ ಊಟಕ್ಕೆ ಬರುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ.

ಆ ಪಾಲಿನ ಉತ್ಸಾಹದಲ್ಲಿ ನಾವು ಮಾಡಿದ ಒಂದು ಘನಕಾರ್ಯವನ್ನು ಇಲ್ಲಿ ಹೇಳಿಬಿಡಬೇಕು. ಟ್ರ್ಯಾಕ್ಟರಿನ ಜೊತೆ ಅಪ್ಪ ಇಟ್ಟಿದ್ದ ಸ್ಪ್ಯಾನರುಗಳ ಒಂದು ಸೆಟ್ಟಿತ್ತು. ಟ್ರ್ಯಾಕ್ಟರನ್ನು ಹಂಚಲಾಗಲಿಲ್ಲವಲ್ಲ ಎಂಬ ಬೇಜಾರಿಗೆ ನಾವು ಅದನ್ನು ಹಂಚಿಕೊಂಡೆವು. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಒಂದು ಅವನಿಗೆ, ಪಕ್ಕದ್ದು ನನಗೆ. ನ್ಯಾಯ ಎಂದರೆ ಹೀಗಿರಬೇಕು ಎಂದು ಪಂಚಾಯಿತಿಗೆ ಬಂದ ಹಿರಿಯರೂ ತಲೆದೂಗಿದರು. ನಟ್ಟು ಬಿಚ್ಚುವಾಗ ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ತಿರುಗಿಸಬೇಕಾಗುತ್ತದೆ ಎಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ತೊಂದರೆ ಶುರುವಾದದ್ದು ಗೇರಿನಿಂದ. ಒಂದು ಭಾನುವಾರ ನನ್ನ ಸರದಿ ಬಂದಾಗ, ಕ್ಲಚ್ಚನ್ನು ಪೂರ್ತಿ ತುಳಿದು ಎರಡನೇ ಗೇರು ಹಾಕಹೋದರೆ ‘ಕರ್ರ್’ ಎಂದು ಸದ್ದು. ಎಂಥ ಸದ್ದೆಂದರೆ ಲೈನಿನ ಮನೆಗಳಿಂದ ಕೆಲಸದವರು ಹೊರಗೆ ಬಂದು ನೋಡಿದರು. ರಿವರ್ಸ್ ಅಂತೂ ಕೈಮುಗಿದರೂ ಬೀಳಲಿಲ್ಲ. ತಗ್ಗಿನ ತೋಟದಲ್ಲಿ ನನ್ನ ಕೆಲಸವೆಲ್ಲ ಹಿಂದೆ ಮುಂದೆ ಮಾಡುವುದೇ. ಮರದಿಂದ ಮರಕ್ಕೆ ತಿರುಗಿಸಿಕೊಂಡು ಹೋಗಬೇಕು, ಗೇರು ಬೀಳದಿದ್ದರೆ ನಡೆಯುವುದಿಲ್ಲ. ಬೇರೆಯವನಾಗಿದ್ದರೆ ಬೇಲಿಯ ಹತ್ತಿರ ಹೋಗಿ, ‘ಅಣ್ಣ, ಗೇರು ಬೀಳ್ತಿಲ್ಲ, ನಿನಗೂ ಹಂಗೇನಾ?’ ಎಂದು ಕೇಳುತ್ತಿದ್ದ. ನಾನು ಮರ್ಯಾದಸ್ಥ. ಮೊಬೈಲಿನಲ್ಲಿ ಹುಡುಕಿದೆ. ಪಂಜಾಬಿನ ಯಾರೋ ಪುಣ್ಯಾತ್ಮ ಇಂಥದ್ದೇ ಟ್ರ್ಯಾಕ್ಟರಿನ ಕೆಳಗೆ ಮಲಗಿಕೊಂಡು ಪಾಠ ಮಾಡುತ್ತಿದ್ದ. ಅವನ ಭಾಷೆ ಒಂದಕ್ಷರ ತಿಳಿಯದಿದ್ದರೂ ಬೆರಳು ಎಲ್ಲಿ ತೋರಿಸುತ್ತಿದೆ ಎಂಬುದು ತಿಳಿಯಿತು. ಕ್ಲಚ್ ಪೆಡಲಿನ ಕೆಳಗೆ ಒಂದು ಸರಳು, ಅದರ ತುದಿಯಲ್ಲಿ ಒಂದು ನಟ್ಟು. ಪೆಡಲು ಎಷ್ಟು ಸಡಿಲ ಇರಬೇಕು, ಗ್ಯಾರೇಜಿನವರು ‘ಪ್ಲೇ’ ಎನ್ನುತ್ತಾರಲ್ಲ, ಅದನ್ನು ನಿರ್ಧರಿಸುವುದು ಆ ನಟ್ಟು. ಪೆಡಲು ಜೋಲಿಯಂತೆ ಅಲ್ಲಾಡುತ್ತಿತ್ತು. ನಾನು ಕೆಳಗೆ ತೂರಿ, ನನ್ನ ಪಾಲಿನ ಸ್ಪ್ಯಾನರಿನಲ್ಲಿ ಸರಳನ್ನು ಹಿಡಿದು, ಅಣ್ಣನ ಪಾಲಿನದು ಇಲ್ಲದ್ದರಿಂದ ನಟ್ಟನ್ನು ಇಕ್ಕಳದಲ್ಲಿ ಕಚ್ಚಿ, ಬಿಗಿ ಮಾಡಿದೆ. ಗೇರು ಬೆಣ್ಣೆಯಲ್ಲಿ ಚಮಚ ಇಟ್ಟಂತೆ ಬಿತ್ತು. ಆ ಸಂಜೆ ಗೌರಿಯ ಎದುರು ನಾನು ನಡೆದ ರೀತಿಯನ್ನು ನೆನೆಸಿಕೊಂಡರೆ ಈಗ ನನಗೇ ಮುಜುಗರವಾಗುತ್ತದೆ.

ಮುಂದಿನ ಸರದಿಗೆ ಬಂದರೆ ಮತ್ತೆ ಕರ್ರ್. ನಟ್ಟು ಸಡಿಲವಾಗಿತ್ತು. ಹಳೆಯ ಗಾಡಿ, ಅದುರಿ ಅದುರಿ ಸಡಿಲವಾಗಿದೆ ಎಂದುಕೊಂಡು ಮತ್ತೆ ಬಿಗಿ ಮಾಡಿದೆ. ಅದರ ಮುಂದಿನ ಸರದಿಗೂ ಅದೇ. ಹೀಗೆ ಕಾಫಿ ಕುಯ್ಲು ಮುಗಿಯುವವರೆಗೂ ನಡೆಯಿತು. ಟ್ರ್ಯಾಕ್ಟರಿಗೆ ವಯಸ್ಸಾಯಿತು ಎಂದು ನಾನು ಮರುಗಿದೆ. ಅಣ್ಣ ಓಡಿಸುವ ರೀತಿಯೇ ಸರಿಯಿಲ್ಲ ಎಂದೂ ಒಳಗೊಳಗೇ ತೀರ್ಮಾನಿಸಿದೆ. ಅವನು ಏರಿನಲ್ಲಿ ಬ್ರೇಕ್ ನಂಬುವವನಲ್ಲ, ಅರ್ಧ ಕ್ಲಚ್ಚಿನಲ್ಲೇ ಗಾಡಿಯನ್ನು ನೇತುಹಾಕಿ ನಿಲ್ಲಿಸಿಕೊಂಡು ಕೆಲಸದವರ ಜೊತೆ ಮಾತಾಡುತ್ತಾನೆ. ಇದನ್ನೆಲ್ಲ ಗೌರಿಯ ಹತ್ತಿರ ಹೇಳಿದಾಗ ಅವಳು ‘ಹೂಂ’ ಎಂದಳು. ಹೆಂಡತಿ ಹೂಂ ಎಂದಾಗ ಅಲ್ಲಿಗೇ ನಿಲ್ಲಿಸಿ ವಿಚಾರಿಸಬೇಕು ಎಂಬ ಬುದ್ಧಿ ನನಗೆ ಇಷ್ಟು ವರ್ಷವಾದರೂ ಬಂದಿಲ್ಲ.

ಮಾರ್ಚ್ ಬಂತು. ರೊಬಸ್ಟಾ ಕಾಫಿ ಇರುವವರಿಗೆ ಮಾರ್ಚ್ ಎಂದರೆ ಏನೆಂದು ಗೊತ್ತಿರುತ್ತದೆ. ಗಿಡದ ತುಂಬ ಮೊಗ್ಗು ಕಟ್ಟಿ ಕಾದಿರುತ್ತದೆ, ಒಂದು ಒಳ್ಳೆಯ ಮಳೆ ಬಂದರೆ ಹೂ ಬಿಡುತ್ತದೆ. ಮಳೆ ಬಾರದಿದ್ದರೆ ನಾವೇ ಕೆರೆಯಿಂದ ಪಂಪು ಹಚ್ಚಿ ಸ್ಪ್ರಿಂಕ್ಲರಿನಲ್ಲಿ ಹೂಮಳೆ ಹೊಡೆಸಬೇಕು. ತಡವಾದರೆ ಮೊಗ್ಗು ಬಿಸಿಲಿಗೆ ಕಂದಿ, ಮುಂದಿನ ವರ್ಷದ ಫಸಲು ಅಲ್ಲೇ ಮುಗಿದ ಹಾಗೆ. ಆ ಡೀಸೆಲ್ ಪಂಪನ್ನೂ ಪೈಪುಗಳ ರಾಶಿಯನ್ನೂ ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಎಳೆಯುವುದು ಈ ಟ್ರ್ಯಾಕ್ಟರೇ. ಮೊದಲು ಅಣ್ಣನ ಏರಿಗೆ ನೀರು ಹೊಡೆದಾಯಿತು. ಭಾನುವಾರ ಕೀ ತೆಗೆದುಕೊಳ್ಳೋಣವೆಂದು ಹೋದರೆ ಮೊಳೆ ಖಾಲಿ. ಮೇಲಿನಿಂದ ಎಂಜಿನ್ನಿನ ಆರ್ಭಟ ಕೇಳುತ್ತಿತ್ತು. ಹತ್ತಿ ಹೋಗಿ ನೋಡಿದರೆ, ಕೆರೆಯ ಏರಿಯ ಕೆಳಗಿನ ಚಡಾವಿನಲ್ಲಿ ಪಂಪು ಕಟ್ಟಿಕೊಂಡ ಟ್ರ್ಯಾಕ್ಟರು ಬೊಬ್ಬೆ ಹೊಡೆಯುತ್ತ ನಿಂತಿದೆ. ಎಂಜಿನ್ ಗೊಳೋ ಎನ್ನುತ್ತಿದೆ, ಗೇರು ಬಿದ್ದಿದೆ, ಚಕ್ರ ಮಾತ್ರ ಅಲುಗುತ್ತಿಲ್ಲ. ಸುಟ್ಟ ವಾಸನೆ ಇಡೀ ಬೆಟ್ಟಕ್ಕೆ ಹರಡಿತ್ತು. ಸೀಟಿನ ಮೇಲೆ ಅಣ್ಣ ಬೆವರುತ್ತ ಕೂತಿದ್ದ.

‘ಎಳೀತಿಲ್ಲ’ ಎಂದ. ‘ನೀವು’ ಎನ್ನುವುದಕ್ಕೂ ಅವನಿಗೆ ಉಸಿರಿರಲಿಲ್ಲ. ನನಗೆ ಅವನ ಬೆವರು ಕಾಣಲಿಲ್ಲ, ಕೆಳಗೆ ಬಿಸಿಲಲ್ಲಿ ಕಾದಿರುವ ನನ್ನ ಮೊಗ್ಗುಗಳೇ ಕಂಡವು. ಅವನದಕ್ಕೆ ನೀರು ಬಿದ್ದಾಗಿದೆ, ನನ್ನದಕ್ಕೆ ಬೀಳಬೇಕು ಎನ್ನುವಾಗಲೇ ಇದು ಕೆಡಬೇಕೆ? ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಅದನ್ನು ಬಾಯಿಬಿಟ್ಟು ಹೇಳದೆ, ‘ಹಂಸಾಕನಿಗೆ ಫೋನ್ ಮಾಡೋಣ’ ಎಂದಷ್ಟೇ ಹೇಳಿದೆ.

ಹಂಸಾಕ ನಮ್ಮ ಸುತ್ತಿನ ಟ್ರ್ಯಾಕ್ಟರುಗಳ ಡಾಕ್ಟರು. ಯಾವಾಗ ಫೋನ್ ಮಾಡಿದರೂ ‘ನಾನು ದಾರಿಯಲ್ಲಿ ಉಂಟು’ ಎನ್ನುತ್ತಾನೆ. ಯಾವ ದಾರಿ ಎಂದು ಹೇಳುವುದಿಲ್ಲ. ತನ್ನ ಕೈ ತಾಗಿದರೆ ಗುಜರಿಗೆ ಹಾಕಿದ ಗಾಡಿಯೂ ಎದ್ದು ಮನೆಗೆ ನಡೆದು ಬರುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಮಾರನೆಯ ದಿನ ಬಂದ. ಅಷ್ಟರಲ್ಲಿ ನಾವು ಪಂಪನ್ನು ಅಲ್ಲೇ ಬಿಟ್ಟು, ಇಳಿಜಾರಿನ ಪುಣ್ಯದಿಂದ ಟ್ರ್ಯಾಕ್ಟರನ್ನು ಉರುಳಿಸಿಕೊಂಡು ಶೆಡ್ಡಿಗೆ ತಂದಿದ್ದೆವು. ಹಂಸಾಕ ಕೆಳಗೆ ತೂರಿದ. ಆಮೇಲೆ ಕೆಳಗಿನಿಂದಲೇ ಅಣ್ಣನ ಹೆಸರು ಹಿಡಿದು ಒಂದು ಕೂಗು ಬಂತು.

‘ಪಡಚ್ಚೋನೇ, ದೇವರೇ! ಇದೆಂಥ ಧರ್ಮಣ್ಣ, ಇದು ನಟ್ಟಾ, ಗೋಲಿಯಾ?’

ಇಕ್ಕಳದ ಕಚ್ಚಿಗೆ ಆ ನಟ್ಟಿನ ಮೂಲೆಗಳೆಲ್ಲ ಸವೆದು ಉರುಟಾಗಿದ್ದವು. ಹಂಸಾಕ ಮುಖವನ್ನಷ್ಟೇ ಹೊರಗೆ ಹಾಕಿ, ‘ಯಾರು ಇದನ್ನ ಇಷ್ಟು ತಿರುಗಿಸಿದ್ದು?’ ಎಂದು ಕೇಳಿದ. ನಾನು ಶೆಡ್ಡಿನ ಹೆಂಚು ನೋಡಿದೆ. ಅಣ್ಣನನ್ನು ನೋಡೋಣವೆಂದು ಓರೆಗಣ್ಣು ಮಾಡಿದರೆ ಅವನೂ ಹೆಂಚನ್ನೇ ನೋಡುತ್ತಿದ್ದ.

‘ಗೇರು ಬೀಳ್ತಿರಲಿಲ್ಲ. ಅದಕ್ಕೆ ಸ್ವಲ್ಪ ಬಿಗಿ ಮಾಡ್ತಿದ್ದೆ’ ಎಂದೆ ನಾನು.

‘ಏರಿನಲ್ಲಿ ಎಳೀತಿರಲಿಲ್ಲ. ಅದಕ್ಕೆ ಸ್ವಲ್ಪ ಸಡ್ಲ ಮಾಡ್ತಿದ್ದೆ’ ಎಂದ ಅಣ್ಣ.

ಹಂಸಾಕ ಎದ್ದು ಕೂತು, ಕೈ ಒರೆಸಿಕೊಂಡು, ಇಬ್ಬರನ್ನೂ ಶಾಲೆಯ ಮೇಷ್ಟ್ರಂತೆ ನೋಡಿದ. ‘ಸೋಮಣ್ಣ ಬಿಗಿ ಮಾಡೋದು. ಬಿಗಿಯಾದ್ರೆ ಕ್ಲಚ್ ಪ್ಲೇಟು ಜಾರುತ್ತೆ, ಏರಲ್ಲಿ ಎಳಿಯಲ್ಲ. ಧರ್ಮಣ್ಣ ಸಡಿಲ ಮಾಡೋದು. ಸಡಿಲ ಆದ್ರೆ ಕ್ಲಚ್ಚು ಬಿಡಲ್ಲ, ಗೇರು ಬೀಳಲ್ಲ. ಇವರ ಮದ್ದು ಅವರಿಗೆ ಕಾಯಿಲೆ, ಅವರ ಮದ್ದು ಇವರಿಗೆ ಕಾಯಿಲೆ. ಇಬ್ರೂ ಸೇರಿ ಪಾಪ ಕ್ಲಚ್ಚನ್ನ ಕೊಂದ್ರಲ್ಲ!’

ಬೇಲಿಯ ಹತ್ತಿರ ಪಲ್ಯದ ಬಟ್ಟಲು ಹಿಡಿದುಕೊಂಡು ನಿಂತಿದ್ದ ಗೌರಿಯೂ ಅತ್ತಿಗೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ನಮಗೆ ಅವತ್ತೇ ಗೊತ್ತಿತ್ತು. ಇವರು ಒಂದು ಭಾನುವಾರ ಕೆಳಗೆ ತೂರೋದು, ಭಾವ ಮುಂದಿನ ಭಾನುವಾರ ಕೆಳಗೆ ತೂರೋದು’ ಎಂದಳು ಗೌರಿ. ‘ಗೊತ್ತಿದ್ದರೆ ಹೇಳೋದಲ್ವಾ?’ ಎಂದು ನಾನು ರೇಗಿದೆ. ‘ನೀವು ಕೇಳಿದ್ರಾ?’ ಎಂದಳು. ಅತ್ತಿಗೆ ಅಣ್ಣನನ್ನು ನೋಡಿ ನಕ್ಕರು.

ಪ್ಲೇಟು ಬದಲಾಯಿಸದೆ ಗತ್ಯಂತರವಿಲ್ಲ, ಅದಕ್ಕೆ ಟ್ರ್ಯಾಕ್ಟರನ್ನು ಬಿಚ್ಚಿ ಎರಡು ಮಾಡಬೇಕು ಎಂದ ಹಂಸಾಕ. ಕ್ಲಚ್ಚು ಕೂತಿರುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ. ಸೊಂಟದಲ್ಲಿ ಬೇರೆ ಮಾಡಿದರೇ ಅದು ಕೈಗೆ ಸಿಗುವುದು. ಪಂಚಾಯಿತಿಯ ಹಿರಿಯರಿಂದ ಆಗದ ಕೆಲಸವನ್ನು ಒಬ್ಬ ಮೆಕ್ಯಾನಿಕ್ಕು ಇಷ್ಟು ಸುಲಭವಾಗಿ ಹೇಳಿದ್ದು ಕೇಳಿ ನನಗೆ ಗಾಬರಿಯಾಯಿತು. ಅಣ್ಣನ ಮುಖವೂ ಇಳಿಯಿತು. ‘ನನ್ನ ಜನ ಎಲ್ಲ ಊರಿಗೆ ಹೋಗಿದ್ದಾರೆ. ಪರವಾಗಿಲ್ಲ, ನೀವಿಬ್ರು ಉಂಟಲ್ಲ’ ಎಂದು ಹಂಸಾಕ ನಮ್ಮನ್ನೇ ಕೂಲಿಗೆ ಇಟ್ಟುಕೊಂಡ. ಜಾಕಿ ಕೊಟ್ಟು, ಮರದ ತುಂಡು ಪೇರಿಸಿ, ಬೋಲ್ಟು ಬಿಚ್ಚಿ ಹಿಂದಿನ ಭಾಗವನ್ನು ಉರುಳಿಸಿದಾಗ, ಅಪ್ಪನ ಟ್ರ್ಯಾಕ್ಟರು ಸದ್ದಿಲ್ಲದೆ ಎರಡಾಯಿತು. ಎಂಜಿನ್ನಿನ ಭಾಗ ಅಣ್ಣನ ಮನೆಯ ಕಡೆ, ಸೀಟು ಮತ್ತು ದೊಡ್ಡ ಚಕ್ರದ ಭಾಗ ನಮ್ಮ ಮನೆಯ ಕಡೆ. ಅದನ್ನು ನೋಡಿ ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ ಎಂದು ಸಂಕಟವಾಯಿತು. ಅಣ್ಣ ಬಗ್ಗಿ, ಸುಟ್ಟು ಕಪ್ಪಾದ ಪ್ಲೇಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

ಹೊಸ ಪ್ಲೇಟು ಹಾಸನದಿಂದ ಬರುವವರೆಗೆ ನಮ್ಮ ಟ್ರ್ಯಾಕ್ಟರು ಹಾಗೇ ಎರಡು ತುಂಡಾಗಿ ಕಾಯಿತು, ಬಿಸಿಲಲ್ಲಿ ನನ್ನ ಮೊಗ್ಗುಗಳೂ ಕಾದವು. ನಾನು ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ ಮೊಗ್ಗು ಮುಟ್ಟಿ ನೋಡಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಹೋದರೆ, ಅಣ್ಣ ನನಗಿಂತ ಮೊದಲೇ ಅಲ್ಲಿ ನಿಂತು ನನ್ನ ಗಿಡದ ಮೊಗ್ಗು ಮುಟ್ಟಿ ನೋಡುತ್ತಿದ್ದ. ನನ್ನನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡ. ‘ಇನ್ನೂ ತಡೀತದೆ’ ಎಂದು ಹೇಳಿ ಸರಸರ ಏರು ಹತ್ತಿ ಹೋದ.

ಬಿಚ್ಚುವುದಕ್ಕಿಂತ ಕೂಡಿಸುವುದು ಕಷ್ಟ. ಗೇರ್‌ಬಾಕ್ಸಿನಿಂದ ಚಾಚಿದ ಹಲ್ಲಿನ ದಂಡ ಕ್ಲಚ್ ಪ್ಲೇಟಿನ ಹಲ್ಲಿನೊಳಗೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಒಳಗೆ ಹೋಗದು. ಹಿಂದಿನ ಭಾಗವನ್ನು ತಳ್ಳುವುದಕ್ಕೆ ಅಣ್ಣ, ಎಂಜಿನ್ನಿನ ಫ್ಯಾನು ಹಿಡಿದು ಇಷ್ಟಿಷ್ಟೇ ತಿರುಗಿಸುವುದಕ್ಕೆ ನಾನು, ನಡುವೆ ಟಾರ್ಚು ಬಿಟ್ಟು ಅಪ್ಪಣೆ ಕೊಡುವುದಕ್ಕೆ ಹಂಸಾಕ. ‘ಸ್ವಲ್ಪ ತಿರುಗಿಸಿ ಸೋಮಶೇಖರ್’ ಎಂದ ಅಣ್ಣ. ತಿರುಗಿಸಿದೆ. ‘ನೀವು ಸ್ವಲ್ಪ ತಳ್ಳಿ’ ಎಂದೆ. ತಳ್ಳಿದ. ಕೂರಲಿಲ್ಲ. ಮರ್ಯಾದೆ ಕೊಟ್ಟುಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ತಳ್ಳಿದೆವು, ತಿರುಗಿಸಿದೆವು. ಹಸಿವಿಗೆ, ಸೆಕೆಗೆ, ಸೊಂಟನೋವಿಗೆ ಕೊನೆಗೊಮ್ಮೆ ಅಣ್ಣನ ತಾಳ್ಮೆ ಹರಿಯಿತು.

‘ಲೋ ಸೋಮ! ಎಡಕ್ಕೆ ಅಂದ್ರೆ ಬಲಕ್ಕೆ ತಿರುಗುಸ್ತೀಯಲ್ಲೋ ಕತ್ತೆ! ಹುಟ್ಟಿದಾಗಿಂದ್ಲೂ ಇದೇ ಆಯ್ತು ನಿಂದು!’

‘ನಿನ್ನ ಎಡವೋ ನನ್ನ ಎಡವೋ ಅಂತ ಹೇಳ್ದೆ ಇದ್ರೆ ನಂಗೇನ್ ಕನಸು ಬೀಳ್ತದಾ? ನೀನು ನೆಟ್ಟಗೆ ತಳ್ಳು ಮೊದ್ಲು!’ ಎಂದು ನಾನೂ ಕಿರುಚಿದೆ.

ಸಿಟ್ಟಿನಲ್ಲಿ ಅವನು ತಳ್ಳಿದ, ಸಿಟ್ಟಿನಲ್ಲಿ ನಾನು ತಿರುಗಿಸಿದೆ. ‘ಟಕ್’ ಎಂದು ಒಳಗೆ ಕೂತಿತು. ಹಂಸಾಕ ಟಾರ್ಚು ಆರಿಸಿ, ‘ಇದನ್ನ ಬೆಳಿಗ್ಗೆನೇ ಮಾಡಿದ್ರೆ ಆಗ್ತಿತ್ತು’ ಎಂದು ಬೀಡಿ ಹುಡುಕಿದ. ಅವತ್ತು ಅಣ್ಣನ ಮನೆಯ ಜಗಲಿಯಲ್ಲಿ ಮೂವರಿಗೂ ಊಟವಾಯಿತು, ಆಮೇಲೆ ಅತ್ತಿಗೆಯ ಕಾಫಿ. ಕಾಫಿ ಬೆಳೆಯುವವರ ಮನೆಯಲ್ಲಿ ಒಳ್ಳೆಯ ಕಾಫಿ ಸಿಗುತ್ತದೆ ಎಂದು ನಂಬಿದವರು ಅತ್ತಿಗೆಯ ಕೈಯ ಕಾಫಿ ಕುಡಿದಿಲ್ಲ. ಒಳ್ಳೆಯದನ್ನೆಲ್ಲ ಮಾರಿ, ಉಳಿದ ಉದುರು ಕಾಳನ್ನು ಹುರಿದು, ಅದಕ್ಕೆ ಹಿಡಿಗಟ್ಟಲೆ ಬೆಲ್ಲ ಹಾಕಿ ಅವರು ಕಷಾಯ ಮಾಡುತ್ತಾರೆ. ಹೊರಡುವ ಮೊದಲು ಹಂಸಾಕ ಹೊಸ ನಟ್ಟನ್ನು ಸರಿಯಾದ ಅಳತೆಗೆ ನಿಲ್ಲಿಸಿ, ಗೌರಿಯ ಉಗುರುಬಣ್ಣ ಇಸಿದುಕೊಂಡು ನಟ್ಟಿಗೂ ಸರಳಿಗೂ ಸೇರಿಸಿ ಒಂದು ಕೆಂಪು ಗೆರೆ ಎಳೆದ. ‘ಈ ಗೆರೆ ಒಡೆಯಬಾರದು. ಏನೇ ಆದ್ರೂ ಮೊದಲು ನೀವಿಬ್ರು ಮಾತಾಡಿ, ಆಮೇಲೆ ನನಗೆ ಫೋನು’ ಎಂದು ಎಚ್ಚರಿಸಿ ಹೋದ.

ನನ್ನ ತೋಟಕ್ಕೆ ನೀರು ಬಿತ್ತು. ತುದಿಯ ಕೆಲವು ಸಾಲು ಕಂದಿದ್ದು ಬಿಟ್ಟರೆ ಉಳಿದದ್ದು ಹೂವಾಯಿತು. ಅಣ್ಣನ ಏರು ಮೊದಲು ಬೆಳ್ಳಗಾಯಿತು, ಆಮೇಲೆ ನನ್ನ ತಗ್ಗು. ಟ್ರ್ಯಾಕ್ಟರಂತೂ ಎಷ್ಟು ಚೆನ್ನಾಗಿ ನಡೆಯಿತೆಂದರೆ ಹೇಳಿಕೊಳ್ಳಲು ಒಂದು ದೂರೂ ಉಳಿಯಲಿಲ್ಲ. ಗೇರು ಬೀಳುತ್ತಿತ್ತು, ಏರು ಹತ್ತುತ್ತಿತ್ತು. ಭಾನುವಾರ ಕೀ ಮೊಳೆಗೆ ಬರುತ್ತಿತ್ತು, ಮೊಳೆಯಿಂದ ಹೋಗುತ್ತಿತ್ತು. ಜಗಲಿಯ ಊಟದ ಮಾರನೆಯ ವಾರ ಅಣ್ಣ ‘ಗಾಡಿ ಹೆಂಗದೆ?’ ಎಂದ, ನಾನು ‘ಚೆನ್ನಾಗದೆ’ ಎಂದೆ. ಚೆನ್ನಾಗಿದೆ ಎಂದ ಮೇಲೆ ಮುಂದಕ್ಕೆ ಏನು ಮಾತಾಡುವುದು? ಅದರ ಮುಂದಿನ ವಾರ ಅವನು ಕೇಳಲೂ ಇಲ್ಲ. ‘ಲೋ ಸೋಮ’ ಎನ್ನುವವನು ಮತ್ತೆ ನಾಪತ್ತೆಯಾದ. ನನಗೆ ಆ ಬೈಗುಳ ಎಷ್ಟು ಬೇಕಾಗಿತ್ತೆಂದರೆ, ರಿವರ್ಸ್ ಹಾಕುವಾಗಲೆಲ್ಲ ಒಂದು ಸಣ್ಣ ಕರ್ರ್ ಬಂದೀತೇ ಎಂದು ಆಸೆಯಿಂದ ಕಿವಿಗೊಡುತ್ತಿದ್ದೆ. ಬರುತ್ತಿರಲಿಲ್ಲ. ಹಂಸಾಕನ ಕೆಲಸ ಅಷ್ಟು ದರಿದ್ರ ಅಚ್ಚುಕಟ್ಟು.

ಕೊನೆಗೆ ಒಂದು ಭಾನುವಾರ, ಕೀ ತೆಗೆದುಕೊಂಡವನೇ, ‘ಆಯಿಲ್ ನೋಡಿ ಬರ್ತೀನಿ’ ಎಂದು ಗೌರಿಗೆ ಹೇಳಿ, ನನ್ನ ಪಾಲಿನ ಸ್ಪ್ಯಾನರನ್ನೂ ಇಕ್ಕಳವನ್ನೂ ಜೇಬಿಗಿಳಿಸಿ ಶೆಡ್ಡಿಗೆ ಹೋದೆ. ಗೌರಿ ಹೂಂ ಎಂದಳು. ಹೆಚ್ಚೇನೂ ಮಾಡುವ ಉದ್ದೇಶವಿರಲಿಲ್ಲ. ಕಾಲು ಸುತ್ತು, ಅಷ್ಟೆ. ಅಣ್ಣನ ಏರಿನಲ್ಲಿ ಗಾಡಿ ಒಂದು ಸಲ ತಿಣುಕಬೇಕು, ಅವನು ಬೇಲಿಯ ಹತ್ತಿರ ಬಂದು ನನ್ನನ್ನು ಬೈಯಬೇಕು. ಕೆಳಗೆ ತೂರಿ ಅಪ್ಪನ ಟಾರ್ಚು ಹಚ್ಚಿದೆ. ಕೆಂಪು ಗೆರೆ ಆಗಲೇ ಒಡೆದಿತ್ತು. ನಟ್ಟಿನ ಮೇಲಿನ ಗೆರೆ ಒಂದು ಕಡೆ, ಸರಳಿನ ಮೇಲಿನ ಗೆರೆ ಇನ್ನೊಂದು ಕಡೆ. ನಾನಂತೂ ಮುಟ್ಟಿರಲಿಲ್ಲ. ಹಂಸಾಕ ಬಂದಿರಲಿಲ್ಲ. ನಟ್ಟು ತಿರುಗಿದ್ದು ಸಡಿಲದ ಕಡೆಗೆ, ಕಾಲು ಸುತ್ತು.

ಮೊದಲು ಅಭ್ಯಾಸಬಲದಿಂದ ಸಿಟ್ಟು ಬಂತು. ಆಮೇಲೆ ಅಲ್ಲೇ ಟ್ರ್ಯಾಕ್ಟರಿನ ಕೆಳಗೆ, ಎಣ್ಣೆ ಮೆತ್ತಿದ ನೆಲದಲ್ಲಿ ಮಲಗಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಟ್ಟನ್ನು ಮುಟ್ಟಲಿಲ್ಲ. ಅಂಗಿ ಕೊಡವಿಕೊಂಡು ನೇರ ಅಣ್ಣನ ಜಗಲಿಗೆ ಹೋದೆ. ಅವನು ಸ್ಪ್ರಿಂಕ್ಲರಿನ ಮೂತಿ ಬಿಚ್ಚಿಟ್ಟುಕೊಂಡು ಮಣ್ಣು ಕೆರೆಯುತ್ತಿದ್ದ.

‘ಅಣ್ಣ, ಗೇರು ಯಾಕೋ ಕರ್ರ್ ಅಂತದೆ’ ಎಂದೆ. ಅವತ್ತು ನಾನಿನ್ನೂ ಗಾಡಿ ಸ್ಟಾರ್ಟೇ ಮಾಡಿರಲಿಲ್ಲ.

‘ಅನ್ಬೇಕಲ್ಲ’ ಎಂದ ಅಣ್ಣ, ತಲೆ ಎತ್ತದೆ. ‘ಕೂತ್ಕಳೋ ಸೋಮ. ಕಾಫಿ ಕುಡ್ದು ಆಮೇಲೆ ನೋಡನ.’

ಕೂತೆ. ಜೇಬಿನಲ್ಲಿದ್ದ ಸ್ಪ್ಯಾನರು ಕಲ್ಲುಹಾಸಿಗೆ ಬಡಿದು ‘ಟಣ್’ ಎಂದಿತು. ಅಣ್ಣ ನನ್ನ ಜೇಬನ್ನು ನೋಡಿದ. ನಾನು ಜಗಲಿಯ ಹೆಂಚನ್ನು ನೋಡಿದೆ. ಅವನು ಎದ್ದು ಒಳಗೆ ಹೋಗಿ, ತನ್ನ ಪಾಲಿನ ಸ್ಪ್ಯಾನರನ್ನು ತಂದು ನನ್ನ ಪಕ್ಕದಲ್ಲಿಟ್ಟ. ಅತ್ತಿಗೆ ಕಾಫಿ ತಂದುಕೊಟ್ಟರು. ಎಂದಿನಂತೆ ಬಾಯಿಗಿಡುವ ಹಾಗಿರಲಿಲ್ಲ. ಇನ್ನೊಂದು ಲೋಟ ಕೇಳಿ ಕುಡಿದೆ.